ಬೀಗವಿಲ್ಲದ ಮನೆಗೆ ಬಂದ ಪೆಟ್ಟಿಗೆ

ಆ ಮನೆಯಲ್ಲಿ ಬೀಗ ಅಂತ ಇದ್ದದ್ದು ಬೀದಿ ಬಾಗಿಲಿಗೆ ಒಂದೇ. ಒಳಗೆ ಬೀರುಗಳಿದ್ದವು, ಟ್ರಂಕುಗಳಿದ್ದವು, ಗೋಡೆ ಕಪಾಟುಗಳಿದ್ದವು. ಯಾವುದಕ್ಕೂ ಬೀಗ ಹಾಕುವ ಪದ್ಧತಿ ಇರಲಿಲ್ಲ. ಮಗನ ಸಂಬಳ ಬೀರುವಿನ ಮೇಲಿನ ಅರೆಯಲ್ಲಿರುತ್ತಿತ್ತು. ಬೇಕಾದವರು ತೆಗೆದುಕೊಂಡು ಬಾಯಲ್ಲಿ ಒಂದು ಮಾತು ಹೇಳಿದರೆ ಸಾಕು. ಯಾವ ಟವಲು ಯಾರದು, ಯಾವ ಚಪ್ಪಲಿ ಯಾರದು ಎಂದು ಕೇಳುವುದೇ ಅಲ್ಲಿ ಅಸಭ್ಯತನ. "ಬೀಗ ಹಾಕೋದು ಕಳ್ಳರಿಗೆ. ಈ ಮನೇಲಿ ಯಾರು ಕಳ್ಳರು?" ಎಂದು ಅತ್ತೆ ಹೇಳುತ್ತಿದ್ದರು. ಅದಕ್ಕೆ ಎದುರಾಡಿದವರು ಯಾರೂ ಇರಲಿಲ್ಲ.

ಅಂಥ ಮನೆಯಲ್ಲಿ ಲ್ಯಾಪ್‌ಟಾಪಿಗೆ ಮಾತ್ರ ಯಾವ ವಿನಾಯಿತಿ? ಸೊಸೆ ಅದನ್ನು ತನ್ನ ಎಂಬ್ರಾಯಿಡರಿ ಕೆಲಸಕ್ಕೆಂದು ಕೊಂಡಿದ್ದಳು. ಹೂವೋ ಬಳ್ಳಿಯೋ, ಸೂಜಿ ಎಲ್ಲಿ ಇಳಿಯಬೇಕು ಎಲ್ಲಿ ಏಳಬೇಕು ಎಂಬುದನ್ನೆಲ್ಲ ಅದರಲ್ಲಿ ಬಿಡಿಸಿ, ಪೆನ್‌ಡ್ರೈವಿಗೆ ಹಾಕಿ, ಕಿಟಕಿ ಪಕ್ಕದ ಮಿಷನ್ನಿಗೆ ಚುಚ್ಚಿದರೆ ಅದು ಹೊಲಿಯುತ್ತಿತ್ತು. ಪರದೆ, ದಿಂಬಿನ ಚೀಲ ಮಾರುವ ಅಂಗಡಿಯವರೊಬ್ಬರು ಅವಳಿಗೆ ಕೆಲಸ ಕೊಡುತ್ತಿದ್ದರು. ಆದರೆ ಲ್ಯಾಪ್‌ಟಾಪು ಎಲ್ಲರದೂ ಆಗಿತ್ತು. ಗಂಡ ಲಿಫ್ಟ್ ಮೆಕ್ಯಾನಿಕ್; ಅವನ ಲಿಫ್ಟುಗಳ ನಕ್ಷೆ ಅದರಲ್ಲಿ. ಏಳನೇ ಕ್ಲಾಸಿನ ಮಗಳ ಸ್ಕೇಟಿಂಗ್ ವಿಡಿಯೋ ಅದರಲ್ಲಿ. ಇನ್ನು ಮಾವ ಹೇಳಿ ಕೇಳಿ ರಿಟೈರಾದ ಬಸ್ ಕಂಡಕ್ಟರು. ವಾಕಿಂಗ್ ಗೆಳೆಯರು ಕಳಿಸಿದ್ದನ್ನೆಲ್ಲ ಒಂದೂ ಬಿಡದೆ ಅದರಲ್ಲಿ ಹತ್ತಿಸಿಕೊಂಡಿದ್ದರು.

ಒಂದು ಶನಿವಾರ ಅದು ಉಸಿರುಕಟ್ಟಿ ನಿಂತಿತು. ಜಾಗ ಇಲ್ಲ ಎಂದು ಪರದೆಯ ಮೇಲೆ ಬಂತು, ಸೊಸೆ ಬಿಡಿಸುತ್ತಿದ್ದ ಡಿಸೈನು ಅರ್ಧಕ್ಕೇ ಮುಚ್ಚಿಹೋಯಿತು. ಎರಡು ಸಂಜೆಯ ಕೆಲಸ ನೀರಿನಲ್ಲಿ ಹೋಮ. ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಯಾರೋ ಅದಕ್ಕೆ ಏನೇನೋ ತುಂಬಿದ್ದಾರೆ."

"ನನ್ನ ಕಡೆ ನೋಡಬೇಡಮ್ಮ," ಎಂದರು ಮಾವ. ಎಲ್ಲರೂ ಆಗಲೇ ಅವರ ಕಡೆ ನೋಡುತ್ತಿದ್ದರು.

"ಮಾವ, ಶುಭೋದಯ ಅಂತ ಹೂವು ಉದುರೋ ವಿಡಿಯೋನೇ ರಾಶಿ ಇದೆ. ಸ್ವಲ್ಪ ಅಳಿಸಬಾರದಾ?"

"ಕಳಿಸಿದೋರು ಬೇಜಾರು ಮಾಡ್ಕೋತಾರೆ. ಟಿಕೆಟ್ ತಗೊಂಡು ಹತ್ತಿದೋರನ್ನ ನಡುದಾರೀಲಿ ಇಳಿಸೋಕಾಗುತ್ತಾ?"

"ನಿನ್ನ ಬಸ್ಸಲ್ಲಿ ಇಳಿಯೋರೇ ಇಲ್ವಲ್ಲ ತಾತ!" ಎಂದಳು ಮೊಮ್ಮಗಳು.

ಗಂಡ ನಕ್ಕು, "ಒಂದು ದೊಡ್ಡ ಹಾರ್ಡ್‌ಡಿಸ್ಕ್ ತಗೊಂಡ್ರಾಯ್ತು ಬಿಡು," ಎಂದ.

"ಅದನ್ನ ಒಬ್ಬರು ಕಿತ್ಕೊಂಡ್ರೆ ಇನ್ನೊಬ್ಬರಿಗಿಲ್ಲ. ಕೈ ಜಾರಿ ಬಿದ್ರೆ ಯಾರಿಗೂ ಇಲ್ಲ. ವೈಫೈಗೆ ಸಿಕ್ಕಿಸೋ ಪೆಟ್ಟಿಗೆ ಬರುತ್ತೆ ರೀ. ಮೂಲೇಲಿ ಇಟ್ರೆ ಎಲ್ಲರೂ ಅವರವರ ಫೋನಿಂದಾನೇ ಹಾಕಬಹುದು, ನೋಡಬಹುದು. ಎರಡು ಡಿಸ್ಕ್ ಇದ್ರೆ ಒಂದು ಕೆಟ್ರೂ ಇನ್ನೊಂದರಲ್ಲಿ ಉಳಿಯುತ್ತೆ. ಯುಎಸ್‌ಬಿ ಮಾತ್ರ ಇರಲೇಬೇಕು. ಮಿಷನ್ನಿಗೆ ಪೆನ್‌ಡ್ರೈವ್ ಬಿಟ್ರೆ ಬೇರೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಇವಳ ಹತ್ರ ಇದ್ರೂ ನಾನು ಪೆಟ್ಟಿಗೆಯಿಂದಾನೇ ಪೆನ್ನಿಗೆ ಇಳಿಸ್ಕೋಬಹುದು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಖಾನೆ. ಅವರವರ ಖಾನೆಗೆ ಅವರವರ ಪಾಸ್‌ವರ್ಡು."

ಅನ್ನ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಪಾಸ್‌ವರ್ಡು ಅಂದ್ರೆ ಬೀಗ ತಾನೇ?"

"ಹೂಂ ಅತ್ತೆ, ಒಂಥರಾ."

"ಯಾರಿಂದ ಬಚ್ಚಿಡೋಕೆ?"

"ಎಲ್ಲದಕ್ಕೂ ಇರುತ್ತಮ್ಮ, ಫೋನಿಗಿಲ್ವಾ?" ಎಂದ ಮಗ.

"ನನ್ನ ಫೋನಿಗಿಲ್ಲ." ಅದು ನಿಜವೇ. ಅತ್ತೆಯ ಫೋನನ್ನು ಪಕ್ಕದ ಮನೆಯವರೂ ತೆಗೆದು ಮಾತಾಡುತ್ತಿದ್ದರು.

"ವಾರ್ಡಲ್ಲಿ ಔಷಧಿ ಬೀರುವಿನ ಕೀಲಿಕೈ ನೀವೇ ಸೊಂಟಕ್ಕೆ ಸಿಕ್ಕಿಸ್ಕೊಂಡಿರ್ತಿದ್ರಂತಲ್ಲ ಅತ್ತೆ," ಎಂದಳು ಸೊಸೆ. ಅತ್ತೆ ನರ್ಸಾಗಿ ದುಡಿದವರು.

"ಅದು ಆಸ್ಪತ್ರೆ. ಇದು ಮನೆ," ಎಂದು ಅತ್ತೆ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಮಾವನಿಗೆ ಎರಡನೇ ಸಲ ಅನ್ನ ಬೀಳಲೇ ಇಲ್ಲ.

ಬಚ್ಚಿಡುವುದು ಯಾರಿಂದ ಎಂದು ಸೊಸೆ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಹೇಳಿಬಿಡುತ್ತೇನೆ: ನಾದಿನಿಯಿಂದ. ನಾಲ್ಕು ಸ್ಟಾಪು ಆಚೆ ಇದ್ದ ಮನೆಮಗಳು ಹೋದ ವರ್ಷ ಒಂದು ಹಳೇ ಎಂಬ್ರಾಯಿಡರಿ ಮಿಷನ್ ಕೊಂಡಿದ್ದಳು. ಭಾನುವಾರ ತವರಿಗೆ ಬಂದಾಗ ಪೆನ್‌ಡ್ರೈವ್ ತರುತ್ತಿದ್ದಳು. ಅತ್ತೆ ಮೊಮ್ಮಗಳಿಗೆ ಹೇಳಿ ಸೊಸೆಯ ಡಿಸೈನುಗಳನ್ನು ಅದಕ್ಕೆ ತುಂಬಿಸಿ ಕೊಡುತ್ತಿದ್ದರು. ತರಕಾರಿ ಹೆಚ್ಚಾದರೆ ಮಗಳ ಚೀಲಕ್ಕೆ ಹಾಕುವುದಿಲ್ಲವೇ, ಹಾಗೆ. ಅತ್ತೆಯ ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ತೊಂದರೆಯೇ ಅದು, ಕಪಟವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ದಿನ ಪರದೆ ಅಂಗಡಿಯವರು ಒಂದು ದಿಂಬಿನ ಚೀಲ ತೆಗೆದು ತೋರಿಸಿದ್ದರು. "ಇದೇ ಬಳ್ಳಿ ಇನ್ನೊಬ್ಬರು ತಂದಿದ್ರು, ಕಮ್ಮಿ ರೇಟಿಗೆ." ಎಲೆಯ ತುದಿಯಲ್ಲಿ ದಾರ ಮುಗಿಸುವ ರೀತಿಯಲ್ಲೇ ಅದು ತನ್ನದೆಂದು ಸೊಸೆಗೆ ಗೊತ್ತಾಯಿತು. ಅದನ್ನು ಮಡಚಿ ವಾಪಸ್ ಕೊಟ್ಟು ಮನೆಗೆ ಬಂದಳು. ಈಗ ಹೊಸ ಹೋಟೆಲೊಂದರ ಕೋಣೆಗಳಿಗೆಲ್ಲ ಪರದೆ ಬೇಕಾಗಿತ್ತು. ನೀರಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗಳ ಸಾಲೊಂದನ್ನು ಅವಳು ಬಿಡಿಸುತ್ತಿದ್ದಳು. ತಿಂಗಳ ಕೊನೆಗೆ ಮಾದರಿ ತೋರಿಸಬೇಕು. "ಈ ಸಲ ಇದೇ ಕೊಕ್ಕರೆ ಇನ್ನೊಂದು ಕಡೆ ಕಂಡ್ರೆ ನಾನು ಕಮ್ಮಿ ಕೇಳಿದೋರಿಗೇ ಕೊಡೋದು, ಬೇಜಾರು ಮಾಡ್ಕೋಬೇಡಿ," ಎಂದು ಅಂಗಡಿಯವರು ಮೊದಲೇ ಹೇಳಿಬಿಟ್ಟಿದ್ದರು. ಅಂಥ ಕೆಲಸ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಒಗೆದ ಬಟ್ಟೆ ಮಡಚುವಾಗ ಗಂಡನ ಹತ್ತಿರ ಎಲ್ಲ ಹೇಳಿದಳು.

"ನಿಮ್ಮ ತಂಗಿಗೆ ನೀವು ಒಂದು ಮಾತು ಹೇಳಿ."

"ಅವಳಿಗೆ ಹೇಳಿದ್ರೆ ಅಮ್ಮನಿಗೆ ಹೇಳಿದ ಹಾಗೆ. ಅಮ್ಮನಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ನನ್ನನ್ನ ಮಧ್ಯಕ್ಕೆ ಎಳೀಬೇಡ ಮಾರಾಯ್ತಿ. ಪೆಟ್ಟಿಗೆ ಬೇಕಾದ್ರೆ ತಗೋ."

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಇಳಿಸುವುದು ಅವನ ಕಸುಬು. ಮನೆಯಲ್ಲಿ ಅವನೇ ಸಿಕ್ಕಿಕೊಂಡು ಕೂತಿದ್ದ.

ಪೆಟ್ಟಿಗೆ ಹುಡುಕುವ ಕೆಲಸವನ್ನು ಮಾವ ಕೇಳದೆಯೇ ಮೈಮೇಲೆ ಹಾಕಿಕೊಂಡರು. ಬೆಳಗಿನ ತಿಂಡಿ ಮುಗಿಸಿ, ಟೋಪಿ ಹಾಕಿ, ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೊರಟುಬಿಡುತ್ತಿದ್ದರು. ಅವರಿಗೆ ಗೊತ್ತಿದ್ದ ಪ್ರಶ್ನೆ ಒಂದೇ: "ಯುಎಸ್‌ಬಿ ಇದೆಯಾ?" ಅದನ್ನು ಅವರು ಎಷ್ಟು ಗತ್ತಿನಿಂದ ಕೇಳುತ್ತಿದ್ದರೆಂದರೆ ಅಂಗಡಿಯವರು ಕುರ್ಚಿ ಕೊಟ್ಟು ಕೂರಿಸುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ವರದಿ.

"ಎಲ್ಲಕ್ಕಿಂತ ಅಗ್ಗ ಅಂದ್ರೆ ಯುಎಸ್‌ಬಿ ತೂತಿರೋ ವೈಫೈ ರೂಟರ್. ಅದಕ್ಕೇ ಹಳೇ ಡಿಸ್ಕ್ ಸಿಕ್ಕಿಸಿದ್ರಾಯ್ತಂತೆ."

"ಅದು ಆಮೆ ಥರ ಮಾವ. ಬೇರೆಬೇರೆ ಖಾನೆಯೂ ಬರಲ್ಲ, ಎಲ್ಲ ಒಂದೇ ರಾಶಿ."

"ಎಲ್ಲ ಒಂದೇ ಕಡೆ ಇದ್ರೆ ಏನಂತೆ?" ಒಳಗಿನಿಂದ ಅತ್ತೆಯ ದನಿ. ಇತ್ತೀಚೆಗೆ ಅವರು ಸೊಸೆಗೆ ಹೇಳುವುದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು.

ಮಾರನೇ ದಿನ ಒಂದೇ ಡಿಸ್ಕಿನ, ಬಿಚ್ಚಲಾಗದಂತೆ ಮುಚ್ಚಿದ ಪೆಟ್ಟಿಗೆ. ನೋಡಲು ಚೆಂದ, ಆದರೆ ಯುಎಸ್‌ಬಿ ಇಲ್ಲ. ಅದರ ಮಾರನೇ ದಿನ ಯಾವುದೋ ಮುಚ್ಚಿದ ಆಫೀಸಿನ ಹಳೇ ಪೆಟ್ಟಿಗೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ ಎಂದು ಮಾವನೇ ಒಪ್ಪಿಕೊಂಡರು. ಗುರುವಾರ ಅವರು ಬರಿಗೈಯಲ್ಲಿ ಬರಲಿಲ್ಲ. ಕಂಕುಳಲ್ಲಿ ರಟ್ಟಿನ ಡಬ್ಬ, ಮುಖದಲ್ಲಿ ಲಾಟರಿ ಹೊಡೆದ ಕಳೆ.

"ಎರಡು ಡಿಸ್ಕಿಂದು! ಮುಂದೆ ಯುಎಸ್‌ಬಿ, ಹಿಂದೆ ಯುಎಸ್‌ಬಿ. ಮುಂದೆ ಒಂದು ಬಟನ್ ಬೇರೆ, ಒತ್ತಿದ್ರೆ ತಾನೇ ಕಾಪಿ ಮಾಡುತ್ತಂತೆ. ರೇಟು ಕೇಳಿದ್ರೆ ಬಿದ್ದುಹೋಗ್ತೀರಿ. ಚೌಕಾಸಿ ಅಂದ್ರೆ ಇದು!"

ಸೊಸೆ ಡಬ್ಬ ಎತ್ತಿದಳು. ಹಗುರವಾಗಿತ್ತು. ಮುಂದಿನ ಮುಚ್ಚಳ ತೆರೆದಳು. ಒಳಗೆ ಎರಡು ಖಾಲಿ ಗೂಡು.

"ಮಾವ, ಡಿಸ್ಕ್ ಎಲ್ಲಿ?"

"ಅದರಲ್ಲೇ ಇರುತ್ತಲ್ಲಮ್ಮ?"

"ಇಲ್ಲ ಮಾವ. ಇವು ಖಾಲೀನೇ ಬರೋದು. ಡಿಸ್ಕ್ ಬೇರೆ ತಗೋಬೇಕು."

ಮಾವ ಇಂಗು ತಿಂದ ಮಂಗನ ಹಾಗಾದರು. "ಹಾಗಾದ್ರೆ ಸೀಟೇ ಇಲ್ಲದ ಬಸ್ಸು ತಂದ್ನಾ ನಾನು?"

ಡಿಸ್ಕಿನ ರೇಟು ವಿಚಾರಿಸಿದರೆ ಒಂದೊಂದೂ ಪೆಟ್ಟಿಗೆಯಷ್ಟೇ ದುಬಾರಿ. ಮೂಗಿಗಿಂತ ಮೂಗುತಿ ಭಾರ. ಅಂಗಡಿಯವನು ಮೋಸ ಮಾಡಿದ ಎಂದು ಗಂಡ ಕೂಗಾಡಿದ, ವಾಪಸ್ ಕೊಟ್ಟು ಬರುತ್ತೇನೆ ಎಂದು ಮಾವ ಚಪ್ಪಲಿ ಮೆಟ್ಟಿದರು. ಸೊಸೆ ತಡೆದಳು. "ಪೆಟ್ಟಿಗೆ ಸರಿಯಾಗೇ ಇದೆ, ನಮಗೆ ಬೇಕಾದದ್ದೇ ತಂದಿದ್ದೀರಿ. ಈಗ ಒಂದು ಡಿಸ್ಕ್ ಹಾಕೋಣ. ಹೋಟೆಲ್ ಕೆಲಸ ಸಿಕ್ಕಿದ್ರೆ ಎರಡನೇದು." ಆ ಮಾತಿಗೆ ಮಾವನ ಮುಖಕ್ಕೆ ಮತ್ತೆ ಕಳೆ ಬಂತು.

ಶನಿವಾರ ಪೆಟ್ಟಿಗೆ ಟೀವಿಯ ಪಕ್ಕದಲ್ಲಿ ಹಸಿರು ದೀಪ ಮಿನುಗಿಸುತ್ತ ಕೂತಿತು. ಸೊಸೆ ಖಾನೆಗಳನ್ನು ಮಾಡಿದಳು. ಮಾವನಿಗೊಂದು, ಗಂಡನಿಗೊಂದು, ಮಗಳಿಗೊಂದು, ಮನೆಯ ಫೋಟೋಗಳಿಗೆ ಎಲ್ಲರದೂ ಸೇರಿ ಒಂದು. ಕೊನೆಗೆ ತನಗೊಂದು, ಪಾಸ್‌ವರ್ಡು ಹಾಕಿ. ಹಳೇ ಡಿಸೈನುಗಳು, ಕೊಕ್ಕರೆಗಳು ಎಲ್ಲ ಅಲ್ಲಿಗೆ ಹೋದವು. ಲ್ಯಾಪ್‌ಟಾಪಿನಿಂದ ಅಳಿಸಿದಳು.

"ಅತ್ತೆ, ನಿಮಗೂ ಒಂದು ಮಾಡ್ಲಾ?"

"ನನ್ನದು ಅಂತ ಏನಿದೆ ಇಡೋಕೆ?" ಎಂದರು ಅತ್ತೆ, ಬಟಾಣಿ ಸುಲಿಯುತ್ತ. "ಇರೋದೆಲ್ಲ ಎಲ್ಲರದು. ಬೀಗ ಬೇಕಾದೋರು ಹಾಕ್ಕೊಳ್ಳಿ."

ಸೊಸೆ ಮುಂದಿನ ಬಟನ್ನನ್ನು ಮಗಳಿಗೆ ತೋರಿಸಿದಳು. "ಸ್ಕೂಲಿಂದ ತಂದ ಪೆನ್ ಇಲ್ಲಿ ಚುಚ್ಚಿ ಇದನ್ನ ಒತ್ತು. ಪೀಂ ಅಂದ್ರೆ ಕಾಪಿ ಆಯ್ತು ಅಂತ." ಪೆನ್ನಿನಲ್ಲಿರುವುದು ಪೆಟ್ಟಿಗೆಗೆ ಬರುತ್ತದೆ ಎಂದು ಬಿಡಿಸಿ ಹೇಳಲಿಲ್ಲ. ಮಗಳಿಗೆ ಅದು ಗೊತ್ತೇ ಇತ್ತು. ಬಟಾಣಿ ಸುಲಿಯುತ್ತಿದ್ದವರ ಕಿವಿಗೆ ಬಿದ್ದದ್ದು ಬಟನ್, ಪೀಂ, ಕಾಪಿ, ಅಷ್ಟೇ.

ಭಾನುವಾರ ಸೊಸೆ ಮಗಳನ್ನು ಸ್ಕೇಟಿಂಗಿಗೆ ಕರೆದುಕೊಂಡು ಹೋಗಿದ್ದಳು. ನಾದಿನಿ ಬಂದಳು, ಊಟ ಮಾಡಿದಳು, ಹೊರಡುವಾಗ ಎಂದಿನಂತೆ ಪೆನ್‌ಡ್ರೈವ್ ತೆಗೆದಳು.

"ಅತ್ತಿಗೆ ಏನಾದ್ರೂ ಹೊಸದು ಮಾಡಿದ್ದಾರಾ ಅಮ್ಮ?"

"ಅದೇನೋ ಕೊಕ್ಕರೆ ಅಂತಿದ್ಲು. ಕೊಡಿಲ್ಲಿ."

ಅತ್ತೆ ತಾವೇ ಪೆನ್ನನ್ನು ಪೆಟ್ಟಿಗೆಗೆ ಚುಚ್ಚಿದರು, ಬಟನ್ ಒತ್ತಿದರು. ದೀಪ ಪಟಪಟ ಬಡಿದುಕೊಂಡು ಪೀಂ ಎಂದಿತು. "ತಗೋ. ಬೀಗ ಹಾಕಿದ್ದೀನಿ ಅಂತಿದ್ಲು, ನೋಡು, ಎಲ್ಲ ಬಂತು," ಎಂದು ಕಿತ್ತು ಕೈಗಿಟ್ಟರು. ಪೇಪರ್ ಓದುತ್ತಿದ್ದ ಮಾವ ಎಲ್ಲ ನೋಡಿದರು, ಆದರೆ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದವರಿಗೆ ಯಾವಾಗ ಕಿಟಕಿಯಾಚೆ ನೋಡಬೇಕೆಂದು ಗೊತ್ತಿರುತ್ತದೆ.

ಸೋಮವಾರ ಬೆಳಗ್ಗೆ ಸೊಸೆ ಪೆಟ್ಟಿಗೆ ತೆರೆದರೆ ಎಲ್ಲರಿಗೂ ಸೇರಿದ ಆ ಒಂದು ಖಾನೆಯಲ್ಲಿ ಹೊಸದೊಂದು ಫೋಲ್ಡರು. ಮಗಳದಿರಬೇಕೆಂದು ತೆರೆದಳು. ಮೇಲೆ ತನ್ನವೇ ಹಳೇ ಡಿಸೈನುಗಳು. ಅವನ್ನು ನೋಡಿದ ಕೂಡಲೇ ಇದು ಯಾರ ಪೆನ್ನಿನದು, ಹೇಗೆ ಬಂತು ಎಂಬುದೆಲ್ಲ ಅವಳಿಗೆ ತಿಳಿದುಹೋಯಿತು. ಕೆಳಗೆ ತಾನು ಯಾವತ್ತೂ ನೋಡಿರದಂಥವು. ಒಂದು ಗುಲಾಬಿ, ಮತ್ತೆ ಅದೇ ಗುಲಾಬಿ, ಮತ್ತೆ ಅದೇ. ಒಂದಕ್ಕಿಂತ ಒಂದು ಸೊಟ್ಟ. ಹೊಲಿದರೆ ದಾರ ತುಂಡಾಗುವುದು ಖಂಡಿತ. ಕೊನೆಯಲ್ಲಿ ಒಂದು ಕಪ್ಪೆ. ಮಕ್ಕಳ ಅಂಗಿಯ ಜೇಬಿನಿಂದ ಇಣುಕುವ ಹಾಗೆ, ಕೆನ್ನೆ ಉಬ್ಬಿಸಿಕೊಂಡ ಕಪ್ಪೆ. ಸೊಸೆಗೆ ನಗು ಬಂದುಬಿಟ್ಟಿತು. ಎಷ್ಟು ಚೆನ್ನಾಗಿತ್ತೆಂದರೆ, ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಅತ್ತೆಯ ಫೋನು. ಸ್ಪೀಕರಿನಲ್ಲೇ ಮಾತಾಡುವುದು ಅತ್ತೆಯ ಪದ್ಧತಿ.

"ಅಮ್ಮ, ಇದರಲ್ಲಿ ಏನೂ ಬಂದೇ ಇಲ್ಲ. ನನ್ನದೇ ಇರೋದು."

"ಪೀಂ ಅಂತಲ್ಲೇ!"

ಸೊಸೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. "ಬಂದಿದೆ ಅತ್ತೆ. ಈ ಕಡೆಗೆ ಬಂದಿದೆ. ನೋಡಿ, ಅವಳು ಮಾಡಿದ ಕಪ್ಪೆ."

ಅತ್ತೆ ನೋಡಿದರು. ಅವರ ಮುಖ ಕೆಂಪಾಯಿತು. "ಅವಳದ್ದನ್ನ ನೀನ್ಯಾಕೆ ತಗೊಂಡೆ? ಅವಳನ್ನ ಒಂದು ಮಾತು ಕೇಳಿದ್ಯಾ?"

ಹೇಳಿಬಿಟ್ಟ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಇಬ್ಬರೂ ಒರೆಸಲು ಹೋಗಲಿಲ್ಲ.

"ನಾನು ತಗೊಂಡಿಲ್ಲ ಅತ್ತೆ. ನೀವು ಕೊಟ್ಟಿದ್ದು," ಎಂದಳು ಸೊಸೆ, ಮೆಲ್ಲಗೆ.

ಫೋನಿನ ಆಚೆ ನಾದಿನಿ ಎಲ್ಲ ಕೇಳಿಸಿಕೊಂಡಿದ್ದಳು. ಮಧ್ಯಾಹ್ನದೊಳಗೆ ಬಸ್ಸು ಹಿಡಿದು ಬಂದೇ ಬಿಟ್ಟಳು. ಚಪ್ಪಲಿ ಬಿಡುವ ಮೊದಲೇ ಶುರು.

"ಅತ್ತಿಗೆ, ನೀವು ನನ್ನ ಗುಲಾಬಿ ನೋಡಿದ್ರಾ?"

"ನೋಡಿದೆ."

"ಅದನ್ನ ಯಾರಿಗೂ ತೋರಿಸಿರಲಿಲ್ಲ ನಾನು. ನನಗೆ ಎಷ್ಟು ನಾಚಿಕೆ ಆಗ್ತಿದೆ ಗೊತ್ತಾ? ಬಚ್ಚಲಲ್ಲಿದ್ದಾಗ ಯಾರೋ ಬಾಗಿಲು ತೆಗೆದ ಹಾಗೆ!"

"ಗೊತ್ತು. ನನ್ನ ಬಳ್ಳಿ ಅಂಗಡಿಯಲ್ಲಿ ನೋಡಿದಾಗ ನನಗೂ ಹಾಗೇ ಆಯ್ತು."

ನಾದಿನಿ ಈಗ ಚಪ್ಪಲಿ ಬಿಟ್ಟಳು. ಆಮೇಲೆ, "ಅಂಗಡಿಯವರು ಹೇಳಿದ್ರಾ?" ಎಂದಳು.

"ನಿನ್ನ ಹೆಸರು ಹೇಳಲಿಲ್ಲ. ಹೊಲಿಗೆ ಹೇಳ್ತು. ನೀನು ಕೇಳಿದ್ರೆ ಕೊಡ್ತಿದ್ದೆನೋ ಏನೋ. ಕೇಳಲೇ ಇಲ್ವಲ್ಲ ನೀನು?"

"ಅಮ್ಮ ಕೊಟ್ಲು. ಮನೇದು ಅಂದ್ಕೊಂಡೆ."

"ಮನೇದಲ್ಲ ಕಣೇ, ನಂದು!" ಸೊಸೆಯ ದನಿ ಆ ಮನೆಯಲ್ಲಿ ಅಷ್ಟು ಏರಿದ್ದು ಅದೇ ಮೊದಲು. "ಅಕ್ಕಿ ಮನೇದು, ಬೇಳೆ ಮನೇದು, ನನ್ನ ದುಡಿಮೆ ಮನೇದು. ಆಗಲಿ. ತಲೆ ಕೆಡಿಸ್ಕೊಂಡು ಒಂದು ಎಲೆ ಬಿಡಿಸ್ತೀನಲ್ಲ, ಅದೊಂದು ನಂದು ಅನ್ಬಾರದಾ?" ಅವಳ ಕಣ್ಣು ತುಂಬಿತು. ಪೇಪರಿನ ಹಿಂದಿದ್ದ ಮಾವ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು.

ಸೊಸೆ ಲ್ಯಾಪ್‌ಟಾಪನ್ನು ನಾದಿನಿಯ ಕಡೆ ತಿರುಗಿಸಿ, ಅವಳ ಕಣ್ಣೆದುರಿಗೇ ಆ ಫೋಲ್ಡರನ್ನು ಅಳಿಸಿದಳು. ಗುಲಾಬಿಯೂ ಹೋಯಿತು, ಕಪ್ಪೆಯೂ ಹೋಯಿತು.

"ಕಪ್ಪೆ ಇಟ್ಕೋಬಹುದಿತ್ತು," ಎಂದಳು ನಾದಿನಿ, ಗೊಣಗಿದ ಹಾಗೆ.

"ಬಹಳ ಚೆನ್ನಾಗಿದೆ ಅದು. ಮಕ್ಕಳ ಬಟ್ಟೆ ಅಂಗಡಿಗೆ ತೋರಿಸು. ಇನ್ನೆಲ್ಲೂ ಕೊಡಬೇಡ."

"ನಿಜವಾಗ್ಲೂ?"

"ಸುಳ್ಳು ಹೇಳೋಕೆ ನನಗೇನು ಬಂದಿದೆ? ಗುಲಾಬಿ ಮಾತ್ರ ದಾರ ತಿನ್ನುತ್ತೆ."

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹಳೇ ಬಳ್ಳಿಗಳನ್ನು ನಾದಿನಿ ಅಳಿಸಲಿಲ್ಲ. ಆ ಅಂಗಡಿಗೆ ಹೋಗುವುದಿಲ್ಲ ಎಂದಷ್ಟೇ ಒಪ್ಪಿದಳು. ಮುಂದಿನ ಎರಡು ಭಾನುವಾರ ಬರಲೂ ಇಲ್ಲ. ಅತ್ತೆ ಆ ದಿನಗಳಲ್ಲಿ ಹೆಚ್ಚಾದ ತರಕಾರಿಯನ್ನು ಸುಮ್ಮನೆ ಪಕ್ಕದ ಮನೆಗೆ ಕೊಟ್ಟರು. ಸೊಸೆಯ ಜೊತೆ ಮಾತು ಉಪ್ಪು, ಖಾರ, ಹಾಲಿನ ಲೆಕ್ಕಕ್ಕೆ ನಿಂತಿತು. ಆದರೆ ಗೋಡೆಗೆ ಹೇಳುವುದನ್ನು ಬಿಟ್ಟಿದ್ದರು. ಮೂರನೇ ಭಾನುವಾರ ನಾದಿನಿ ಬಂದಳು. ಪೆನ್‌ಡ್ರೈವ್ ತಂದಿರಲಿಲ್ಲ. ಗುಲಾಬಿಯ ದಾರ ಯಾಕೆ ತುಂಡಾಗುತ್ತದೆ ಎಂದು ಅತ್ತಿಗೆಯನ್ನು ಕೇಳಿದಳು, ಅತ್ತಿಗೆ ಹೇಳಿಕೊಟ್ಟಳು. ತಿಂಗಳ ಕೊನೆಗೆ ಕೊಕ್ಕರೆಗಳನ್ನು ಹೋಟೆಲಿನವರು ಒಪ್ಪಿದರು. ಎಲ್ಲ ಕೋಣೆಗಳಿಗಲ್ಲ, ಅರ್ಧಕ್ಕೆ. ಅಷ್ಟು ಹಣದಲ್ಲೇ ಎರಡನೇ ಡಿಸ್ಕ್ ಬಂತು. ಈ ಸಲ ಮಾವ ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ಒಳಗೆ ಇದೆಯೆಂದು ನೋಡಿಯೇ ತಂದರು.

ಡಿಸ್ಕ್ ಹಾಕಿದ ಮಧ್ಯಾಹ್ನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಪೆಟ್ಟಿಗೆಯ ಮುಂದೆ ನಿಂತರು.

"ನನಗೂ ಒಂದು ಖಾನೆ ಮಾಡಿಕೊಡು."

"ಮಾಡ್ತೀನಿ ಅತ್ತೆ. ಫೋಟೋ ಇಡೋಕಾ?"

"ಅದೆಲ್ಲ ಆಮೇಲೆ. ಬೀಗ ಹಾಕು."

ಸೊಸೆ ಖಾನೆ ಮಾಡಿ, ಲ್ಯಾಪ್‌ಟಾಪನ್ನು ಅವರ ಮುಂದೆ ಸರಿಸಿದಳು. "ಪಾಸ್‌ವರ್ಡ್ ನೀವೇ ಒತ್ತಿ. ಯಾರಿಗೂ ಹೇಳಬಾರದು."

"ನಿನಗೂ?"

"ನನಗೂ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ನಡುವೆ ತಲೆಯೆತ್ತಿ, "ಆ ಕಡೆ ತಿರುಗು," ಎಂದರು. ಸೊಸೆ ಕಿಟಕಿಯ ಕಡೆ ತಿರುಗಿ ನಿಂತಳು.

ಮನೆಯಲ್ಲಿ ಈ ಸುದ್ದಿ ನಿಲ್ಲುತ್ತದೆಯೇ? ಚಹಾದ ಹೊತ್ತಿಗೆ ಮಾವ ಹೆಂಡತಿಯ ಬೆನ್ನು ಹತ್ತಿದರು. "ಏನೇ ಇಟ್ಟಿದ್ದೀಯ ಅದರಲ್ಲಿ? ನನಗೂ ಹೇಳಬಾರದ್ದು ಏನದು?" ಅತ್ತೆ ಚಹಾ ಸೋಸುತ್ತಲೇ ಇದ್ದರು, ತಿರುಗಲಿಲ್ಲ. ಮಾವ ಸೊಸೆಯನ್ನು ಹಿಡಿದರು. "ನೀನಾದ್ರೂ ಹೇಳಮ್ಮ. ನಿನಗೆ ಎಲ್ಲ ಕಾಣುತ್ತಲ್ಲ, ಅವಳ ಖಾನೆಯಲ್ಲಿ ಏನಿದೆ?"

ಪೆಟ್ಟಿಗೆಯನ್ನು ನೋಡಿಕೊಳ್ಳುವವಳು ಸೊಸೆ. ಯಾರ ಖಾನೆ ಎಷ್ಟು ತುಂಬಿದೆ ಎಂಬುದು ಅವಳಿಗೆ ಕಾಣುತ್ತದೆ. ಅತ್ತೆಯ ಖಾನೆಯಲ್ಲಿ ಏನೂ ಇರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. ಅತ್ತೆಯ ಕೈಯಲ್ಲಿ ಸೋಸುವ ಜರಡಿ ಹಾಗೇ ನಿಂತಿತ್ತು.

"ನನಗೆ ಹೇಗೆ ಗೊತ್ತಾಗುತ್ತೆ ಮಾವ?" ಎಂದಳು ಸೊಸೆ. "ಅತ್ತೆ ಬೀಗ ಹಾಕಿದ್ದಾರೆ."